ಯಾವ ಮಾತ್ರೆ, ಕೊನೆಯದು ಎಷ್ಟು ಹೊತ್ತಿಗೆ?

ಇಂಗ್ಲೆಂಡಿನ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ನಾನು ನರ್ಸ್. ಬಿದ್ದು ತಲೆಗೆ ಪೆಟ್ಟಾಗಿಯೋ, ಮಲ ಕಪ್ಪಗೆ ಹೋಗಿಯೋ ಬರುವ ಹಿರಿಯರಲ್ಲಿ ಬಹಳ ಮಂದಿ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು. ಮಲಗಿಸುತ್ತಲೇ ಕೇಳುತ್ತೇವೆ: ಯಾವ ಮಾತ್ರೆ? ಕೊನೆಯದು ಎಷ್ಟು ಹೊತ್ತಿಗೆ? ಊರಲ್ಲಿರುವವರಿಗೂ ಇದು ಗೊತ್ತಿರಲಿ ಎಂದೇ ಬರೆಯುತ್ತಿದ್ದೇನೆ.

ಈ ಮಾತ್ರೆಗಳು ರಕ್ತವನ್ನು ನೀರಾಗಿಸುವುದಿಲ್ಲ, ಹೆಪ್ಪುಗಟ್ಟುವುದನ್ನು ತಡೆಯುತ್ತವೆ. ತಡೆಯುವ ಬಗೆ ಬೇರೆ ಬೇರೆ, ಹಾಗಾಗಿ ಅವುಗಳ ಪರಿಣಾಮ ಅಳಿಸುವ ಮದ್ದೂ ಬೇರೆ ಬೇರೆ.

ವಾರ್ಫರಿನ್ ವಿಟಮಿನ್ ಕೆ ಕೆಲಸಕ್ಕೆ ಅಡ್ಡ ಬರುತ್ತದೆ. ಅದರಿಂದ ಹೆಪ್ಪುಗಟ್ಟಿಸುವ 2, 7, 9, 10ನೇ ಅಂಶಗಳನ್ನು ಯಕೃತ್ತು ಸರಿಯಾಗಿ ತಯಾರಿಸಲಾರದು. ರಕ್ತನಾಳಕ್ಕೆ ವಿಟಮಿನ್ ಕೆ ಕೊಟ್ಟರೂ ಅವು ಮತ್ತೆ ತಯಾರಾಗಲು ಗಂಟೆಗಳೇ ಬೇಕು. ಮಿದುಳಿನೊಳಗೆ ರಕ್ತಸ್ರಾವ ಆಗುತ್ತಿರುವವರಿಗೆ ಅಷ್ಟು ವ್ಯವಧಾನ ಎಲ್ಲಿ? ಆಗ ಪಿಸಿಸಿ (ಪ್ರೋಥ್ರಾಂಬಿನ್ ಕಾಂಪ್ಲೆಕ್ಸ್ ಕಾನ್ಸಂಟ್ರೇಟ್) ಎಂಬ ಮದ್ದು ಬರುತ್ತದೆ. ದಾನಿಗಳ ಪ್ಲಾಸ್ಮಾದಿಂದ (ರಕ್ತದ ದ್ರವ ಭಾಗದಿಂದ) ತೆಗೆದ ಅವೇ ನಾಲ್ಕು ಅಂಶಗಳು, ಪುಡಿಯ ರೂಪದಲ್ಲಿ. ಕರಗಿಸಿ ಕೊಟ್ಟರೆ ನಿಮಿಷಗಳಲ್ಲಿ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಅಳತೆ) ಇಳಿಯುತ್ತದೆ. ಜೊತೆಗೆ ವಿಟಮಿನ್ ಕೆ ಕೊಡಲೇಬೇಕು, ಏಕೆಂದರೆ 7ನೇ ಅಂಶ ಕೆಲವೇ ಗಂಟೆಗಳಲ್ಲಿ ಕರಗಿಹೋಗುತ್ತದೆ. ಪಿಸಿಸಿ ಸಿಗದ ಕಡೆ ಪ್ಲಾಸ್ಮಾವೇ ಗತಿ. ಆದರೆ ಅದರ ಮಂಜುಗಡ್ಡೆ ಕರಗಬೇಕು, ರಕ್ತದ ಗುಂಪು ಹೊಂದಬೇಕು, ಲೀಟರಿನಷ್ಟು ಏರಿಸಬೇಕಾಗಬಹುದು. ದುರ್ಬಲ ಹೃದಯದವರಿಗೆ ಅದು ಕಷ್ಟ.

ಇನ್ನೊಂದು ಮಾತ್ರೆ ಡಬಿಗಾಟ್ರಾನ್‌ಗೆ ಇಡಾರುಸಿಜುಮ್ಯಾಬ್ ಎಂಬ ಪ್ರತಿಮದ್ದು ಇದೆ, 2015ರಲ್ಲಿ ಅನುಮತಿ ಪಡೆದದ್ದು. 5 ಗ್ರಾಂ ಕೊಟ್ಟರೆ ರಕ್ತದಲ್ಲಿರುವ ಔಷಧವನ್ನೇ ಬಿಗಿಯಾಗಿ ಹಿಡಿದು ನಿಷ್ಕ್ರಿಯ ಮಾಡಿಬಿಡುತ್ತದೆ. ಅಪಿಕ್ಸಬಾನ್, ರಿವರಾಕ್ಸಬಾನ್ ನುಂಗುವವರಿಗೆ ಅದರಿಂದ ಏನೂ ಪ್ರಯೋಜನವಿಲ್ಲ. ಅವರಿಗೆ ಹಲವೆಡೆ ಪಿಸಿಸಿಯನ್ನೇ ಕೊಡುತ್ತಾರೆ. ಇವುಗಳ ಪ್ರಭಾವ ಎಷ್ಟಿದೆಯೆಂದು ಐಎನ್‌ಆರ್ ನಂಬಿ ಹೇಳಲಾಗದು. ಕೊನೆಯ ಮಾತ್ರೆಯ ಹೊತ್ತು, ಮೂತ್ರಪಿಂಡದ ಸ್ಥಿತಿ ನೋಡಿ ವೈದ್ಯರು ಅಂದಾಜಿಸುತ್ತಾರೆ. ಎರಡು ಗಂಟೆ ಮೊದಲು ನುಂಗಿದ್ದಕ್ಕೂ ನಿನ್ನೆ ಬೆಳಿಗ್ಗೆ ನುಂಗಿದ್ದಕ್ಕೂ ಅಜಗಜಾಂತರ.

ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಅನ್ನೂ ಜನ ಇದೇ ಹೆಸರಲ್ಲಿ ಕರೆಯುತ್ತಾರೆ. ಅವು ಪ್ಲೇಟ್‌ಲೆಟ್‌ಗಳ (ಹೆಪ್ಪುಗಟ್ಟಲು ನೆರವಾಗುವ ರಕ್ತಕಣಗಳ) ಮೇಲೆ ಕೆಲಸ ಮಾಡುವಂಥವು, ಮೇಲೆ ಹೇಳಿದ ಪ್ರತಿಮದ್ದುಗಳು ಅವಕ್ಕೆ ನಡೆಯವು. ಹಾಗಾಗಿ 'ರಕ್ತ ತೆಳು ಮಾಡೋ ಮಾತ್ರೆ' ಎಂದಷ್ಟೇ ಹೇಳಿದರೆ ಸಾಲದು.

ಇಲ್ಲಿ ಇಂಥ ರೋಗಿಗಳಿಗೆ ಮಾತ್ರೆಯ ವಿವರವಿರುವ ಎಚ್ಚರಿಕೆ ಕಾರ್ಡ್ ಕೊಡುತ್ತಾರೆ. ಪ್ರಜ್ಞೆ ತಪ್ಪಿದವರ ಪರ್ಸಿನಲ್ಲಿ ಅದು ಸಿಕ್ಕಾಗ ನನಗಾಗುವ ಸಮಾಧಾನ ಅಷ್ಟಿಷ್ಟಲ್ಲ. ಅಪ್ಪ, ಅಮ್ಮ ಈ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಒಂದು ಚೀಟಿಯಲ್ಲಿ ಹೆಸರು, ಪ್ರಮಾಣ, ಹೊತ್ತು ಬರೆದು ಅವರ ಬಳಿಯೇ ಇರಿಸಿ.

ಇದನ್ನೋದಿ ಹೆದರಿ ಮಾತ್ರೆ ನಿಲ್ಲಿಸಬೇಡಿ. ರಕ್ತಸ್ರಾವ ನಿಂತ ರೋಗಿಗೂ ಹೃದಯದ ಲಯ ತಪ್ಪಿದ ತೊಂದರೆಯೋ ಕೃತಕ ಕವಾಟವೋ ಹಾಗೆಯೇ ಇರುತ್ತದಲ್ಲ! ಮತ್ತೆ ಯಾವಾಗ ಶುರು ಮಾಡಬೇಕೆಂದು ವೈದ್ಯರು ಡಿಸ್ಚಾರ್ಜ್‌ಗೆ ಮೊದಲೇ ಚರ್ಚಿಸುತ್ತಾರೆ.