ದಿನಕ್ಕೊಂದು ಪುಟದ ರಜಿಸ್ಟರ್: 141 ಪುಟ ಆತು, ಜನವರಿ 26ಕ್ಕ ಜಾಗಾನ ಸಾಲವಲ್ದು

ಹೋದ ಶ್ರಾವಣದಾಗ ಖಡೇಬಜಾರಕ್ಕ ಹೋಗಿ 400 ಪುಟದ ಉದ್ದನ್ನ ರಜಿಸ್ಟರ್ ತಂದು, ಪುಟಕ್ಕೊಂದು ತಾರೀಖು ಹಾಕಿ, ಆ ದಿನ ಹಿಂದ ಏನೇನಾಗಿತ್ತು ಅಂತ ಬರಿಯಾಕ ಹತ್ತಿದೆ. ಬೇಕಾಗಿದ್ದು 366 ಪುಟ, ಇವತ್ತಿಗೆ 141 ತುಂಬ್ಯಾವು. ಫೆಬ್ರವರಿ 29 ಖಾಲೀನ ಉಳಿತೈತಿ ಅನ್ಕೊಂಡಿದ್ದೆ, ಮೊರಾರ್ಜಿ ದೇಸಾಯಿ 1896ರಾಗ ಅವತ್ತ ಹುಟ್ಯಾರ, ಹಂಗಾಗಿ ಅದು ಮೊದಲನೇ ವಾರದಾಗ ಮುಗೀತು. ಜೂನ್-ಜುಲೈ ಇನ್ನೂ ಬರೇ ಬಿಳಿ ಹಾಳಿ. ಒಂದ ಒಂದು ಕಟ್ಟು ಹಾಕ್ಕೊಂಡೀನಿ, ಜಗತ್ತಿನ ಸುದ್ದಿ ಎಷ್ಟ ದೊಡ್ಡದಿರ್ಲಿ, ನಮ್ಮ ಬೆಳಗಾವಿ, ಬಾಗಲಕೋಟಿ, ವಿಜಾಪುರ ಕಡೇದು ಸಿಕ್ತಂದ್ರ ಅದು ಮೊದಲನೇ ಸಾಲಿಗೆ.

ಈ ವಾರ ಪೂರ್ತಿ ಜನವರಿ 26ರಾಗ ಹೋತು. 1831ರಾಗ ನಂದಗಡದಾಗ ಸಂಗೊಳ್ಳಿ ರಾಯಣ್ಣನ್ನ ಗಲ್ಲಿಗೆ ಹಾಕಿದ್ದು ಅವತ್ತು. ಆಮ್ಯಾಲ 1930ರ ಪೂರ್ಣ ಸ್ವರಾಜ್ಯ ದಿನ, ಅದರ ನೆನಪಿಗೇ 1950ರಾಗ ಸಂವಿಧಾನ ಜಾರಿ ಮಾಡಾಕ ಅದ ತಾರೀಖು ಆರಿಸಿದ್ರು, 2001ರಾಗ ಭುಜ್ ಭೂಕಂಪ. ರಾಯಣ್ಣ ಹುಟ್ಟಿದ್ದೂ ಆಗಸ್ಟ್ 15, 1798 ಅಂತಾರ, ಎರಡೂ ಪುಟದಾಗ ಅವನ ಹೆಸರು ಬರೆಯೂವಾಗ ಖರೇನ ಕೈ ತಡೀತು. ಸಾಲಿಯಾಗ ಧ್ವಜಾ ಹಾರಿಸಿ ಬೂಂದಿ ತಿಂದು ಮನಿಗೆ ಬರ್ತಿದ್ವಿ, ಇಲ್ಲೇ ಖಾನಾಪುರ ತಾಲೂಕಿನ್ಯಾಗ ಅವತ್ತ ಹಿಂಗಾಗಿತ್ತು ಅಂತ ನಂಗ ಭಾಳ ತಡಾ ಗೊತ್ತಾತು.

ತೊಡಕಾಗಿದ್ದು ರಕ್ಕಸಗಿ-ತಂಗಡಗಿ ಯುದ್ಧದ್ದು. 1565, ವಿಜಯನಗರದ ರಾಮರಾಯ ಬಿದ್ದ ಯುದ್ಧ. ಕೆಲವ್ರು ಜನವರಿ 23 ಅಂತ ಬರೀತಾರ, ಕೆಲವ್ರು 26. ಅದ್ರ ಮ್ಯಾಲ ಇನ್ನೊಂದು, ನಮ್ಮ ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ಪದ್ಧತಿ ಶುರುವಾಗಿದ್ದ 1582ರಾಗ, ಅದಕ್ಕಿಂತ ಹಿಂದಿಂದು ಜೂಲಿಯನ್ ಲೆಕ್ಕ, 10 ದಿನ ಕೂಡಿಸಬೇಕು. ಹಂಗ ಕೂಡಿಸಿದ್ರ 23 ಹೋಗಿ ಫೆಬ್ರವರಿ 2 ಆಗ್ತೈತಿ. ಅವತ್ತಿನ ಪುಟದಾಗ ಆಗಲೇ ಕಿತ್ತೂರು ಚೆನ್ನಮ್ಮ ಬೈಲಹೊಂಗಲದಾಗ ತೀರಿಕೊಂಡಿದ್ದು ಐತಿ, 1829, ಅದೂ ಒಂದೊಂದು ಕಡೆ ಫೆಬ್ರವರಿ 21 ಅಂತ ಕೊಟ್ಟಾರ! ಎರಡು ದಿನ ವಿಚಾರ ಮಾಡಿ, ಪುಸ್ತಕದಾಗ ಹೆಂಗ ಐತೋ ಹಂಗ ಜನವರಿ 23ಕ್ಕ ಇಟ್ಟೆ, ತಕರಾರಿನ ತಾರೀಖೆಲ್ಲಾ ಪೆನ್ಸಿಲ್ದಾಗ, ಗಟ್ಟಿ ಇದ್ದದ್ದು ಮಾತ್ರ ಪೆನ್ನಿನ್ಯಾಗ. 1924ರ ಡಿಸೆಂಬರ್ 26, ಗಾಂಧೀಜಿ ನಮ್ಮೂರಾಗ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿ ಕುಂತದ್ದು, ಅದು ಪೆನ್ನು. ಅವರು ಅಧ್ಯಕ್ಷರಾಗಿದ್ದು ಅದೊಂದ ಸಲ, ಅಧಿವೇಶನಕ್ಕಂತ ತೋಡಿದ ಬಾವಿ ಟಿಳಕವಾಡಿಯಾಗ ಈಗೂ ಐತಿ.

ಇನ್ನ ಬಾದಾಮಿ. ಮೂರನೇ ಗುಹೆಯ ಶಾಸನದಾಗ ಶಕ 500, ಕಾರ್ತಿಕ ಹುಣ್ಣಿಮಿ ಅಂತ ಸ್ಪಷ್ಟ ಕೊರದಾರ, ಮಂಗಳೇಶ ವಿಷ್ಣುವಿನ ಗುಡಿ ಮಾಡಿಸಿದ್ದು, ಅಂದ್ರ 578. ಸುಮಾರು 1450 ವರ್ಷದ ಹಿಂದಿನ ದಿನ ಕೈಗೆ ಸಿಕ್ಕೈತಿ ಆದ್ರ ನನ್ನ 366 ಪುಟದಾಗ ಅದಕ್ಕ ಜಾಗಾ ಇಲ್ಲ, ಹುಣ್ಣಿಮಿ ವರ್ಷಾ ಸರೀತೈತಿ. ಐಹೊಳೆ ಮೇಗುತಿ ಶಾಸನದಾಗಂತೂ ಶಕ 556 ಅಂತ ವರ್ಷ ಅಷ್ಟ, ದಿನಾನ ಇಲ್ಲ. ಹಿಂದ ಉಳಿದ 34 ಪುಟ ಈಗ ತಿಥಿಗೆ ಬಿಟ್ಟೀನಿ, ಚೈತ್ರದಿಂದ ಫಾಲ್ಗುಣದ ತನಕಾ ತಿಂಗಳಿಗೆ ಎರಡೆರಡು, ಉಳಿದ ಹತ್ತು ಬರೇ ವರ್ಷ ಇದ್ದವಕ್ಕ. ಮೊದಲು ಬರ್ದಿದ್ದು ಕಾರ್ತಿಕ ಹುಣ್ಣಿಮಿ, ಪೆನ್ನಿನ್ಯಾಗ.

ಮುಂದಿನ ರವಿವಾರ ನಂದಗಡಕ್ಕ ಹೊಂಟೀನಿ, ರಾಯಣ್ಣನ ಸಮಾಧಿ ಹತ್ರ ಹಾಕಿದ ಫಲಕದಾಗಿನ ತಾರೀಖು ನೋಡಿ ಬರ್ಕೊಂಡು ಬರಬೇಕು.