ಬಿಟ್ಟು ಹೋಗದವರಿಗೆ ಬರೆದ ಮೇಲ್

2021ರ ಅಕ್ಟೋಬರ್ 1, ಶುಕ್ರವಾರ. ನಾವು ನೋಡಿಕೊಳ್ಳುವ ಬ್ಯಾಂಡುಗಳ ಮೆಂಬರ್‌ಶಿಪ್ ಪೇಜುಗಳಿಗೆ ಅಭಿಮಾನಿಗಳ ಕಾರ್ಡಿನಿಂದ ತಿಂಗಳ ಚಂದಾ ದುಡ್ಡು ಬರುವ ದಿನ. ಪ್ಲಾಟ್‌ಫಾರ್ಮ್ ಅಮೆರಿಕದ್ದು. ಅವರ ಪಶ್ಚಿಮ ಕರಾವಳಿಯಲ್ಲಿ ತಾರೀಖು ಬದಲಾದಾಗ ನಮಗೆ ಮಧ್ಯಾಹ್ನ ಹನ್ನೆರಡೂವರೆ. ಹಾಗಾಗಿ ಒಂದನೇ ತಾರೀಖು ನನ್ನ ಊಟ ಡ್ಯಾಶ್‌ಬೋರ್ಡ್ ಮುಂದೆಯೇ.

ಅವತ್ತು ರಿಫ್ರೆಶ್ ಮಾಡಿದರೆ ಸಾಲಾಗಿ ಕೆಂಪು, ಅಂದರೆ ದುಡ್ಡು ಬಂದಿಲ್ಲ. ಡಿಕ್ಲೈನ್ಡ್, ಡಿಕ್ಲೈನ್ಡ್, ಡಿಕ್ಲೈನ್ಡ್. ಒಂದು ಕನ್ನಡ ಬ್ಯಾಂಡಿನ ಪೇಜಿನಲ್ಲಂತೂ ಅರ್ಧಕ್ಕಿಂತ ಜಾಸ್ತಿ ಹೆಸರುಗಳು ಕೆಂಪಗಾಗಿದ್ದವು. ಕೋವಿಡ್‌ನಿಂದ ಅವರಿಗೆ ಶೋಗಳಿಲ್ಲ. ಪ್ರಾಕ್ಟೀಸ್ ರೂಮಿನ ಬಾಡಿಗೆ ಹೋಗುತ್ತಿದ್ದುದೇ ಈ ದುಡ್ಡಲ್ಲಿ. ಹಾಡುಗಾರನ ಫೋನ್ ಬಂತು. "ಏನ್ ಗುರೂ, ಎಲ್ರೂ ಓಡಿ ಹೋದ್ರಾ?"

ಹೌದು ಅಂತಲೇ ನನಗೂ ಅನಿಸಿತ್ತು. ಮೇಲಿನ ಟಿಯರ್‌ನವರಿಗೆ, ಅಂದರೆ ಹೆಚ್ಚು ಚಂದಾ ಕಟ್ಟುವವರಿಗೆ, ಸೆಪ್ಟೆಂಬರ್‌ನಲ್ಲಿ ರಿಹರ್ಸಲ್ ವಿಡಿಯೋ ಕೊಡ್ತೀವಿ ಅಂದು, ಕೊನೆಗೆ ಹಳೇ ಲೈವ್ ಕ್ಲಿಪ್ ಒಂದನ್ನು ಹಾಕಿ ಕೈ ತೊಳೆದುಕೊಂಡಿದ್ದೆವು. ಜನ ಸಿಟ್ಟಾಗಿದ್ದಾರೆ, ಇನ್ನೇನು? ನಮ್ಮ ಬಾಸ್ ಮೇಡಂ ಅಂತೂ ಕಾರಣ ಕೇಳುವ ಗೋಜಿಗೇ ಹೋಗಲಿಲ್ಲ. "ಸೋಮವಾರದ ರಿಪೋರ್ಟ್‌ನಲ್ಲಿ ಇಷ್ಟು ಚರ್ನ್ ತೋರಿಸೋಕಾಗಲ್ಲ. ಈಗಲೇ ವಿನ್-ಬ್ಯಾಕ್ ಕಳಿಸು." ಚರ್ನ್ ಅಂದರೆ ಚಂದಾ ಬಿಟ್ಟು ಹೋದವರ ಲೆಕ್ಕ, ವಿನ್-ಬ್ಯಾಕ್ ಅಂದರೆ ಅವರನ್ನು ವಾಪಸ್ ಕರೆಯುವ ಮೇಲ್.

ಕಳಿಸಿದೆ. ಅನ್ನ ಆರುತ್ತಿತ್ತು, ನಾನು ಭಾವುಕನಾಗಿ ಟೈಪ್ ಮಾಡುತ್ತಿದ್ದೆ. "ನೀವು ನಮ್ಮನ್ನು ಬಿಟ್ಟು ಹೋಗಿದ್ದು ತುಂಬ ಬೇಸರವಾಯಿತು. ಎಲ್ಲಿ ಎಡವಿದೆವು ಹೇಳಿ. ವಾಪಸ್ ಬಂದರೆ ಮೂರು ತಿಂಗಳು ಅರ್ಧ ಬೆಲೆ." ಕೆಳಗೆ ಹಾಡುಗಾರನ ಸಹಿಯ ಇಮೇಜ್ ಬೇರೆ.

ಮೊದಲ ಉತ್ತರ ಹುಬ್ಬಳ್ಳಿಯಿಂದ. "ನಾ ಎಲ್ಲಿ ಬಿಟ್ಟೀನ್ರಿ? ನಿಮ್ಮ ಪೇಜ್ ನನ್ನ ರೊಕ್ಕ ತಗೋವಲ್ದು." ಆಮೇಲೆ ಮೈಸೂರಿನ ಒಬ್ಬರು ತಮ್ಮ ಬ್ಯಾಂಕಿನ ಎಸ್ಸೆಮ್ಮೆಸ್ಸಿನ ಸ್ಕ್ರೀನ್‌ಶಾಟ್ ಕಳಿಸಿ, "ಇದು ನಿಮಗೆ ಬಂದಿಲ್ವಾ?" ಅಂತ ಕೇಳಿದರು.

ಬಂದಿತ್ತು. ತೆಗೆದು ನೋಡಿದರೆ ಅದೇ ಎಸ್ಸೆಮ್ಮೆಸ್ಸು ನನ್ನ ಫೋನಿನಲ್ಲೂ ಓದದೇ ಬಿದ್ದಿತ್ತು. ಕಾರ್ಡಿನಿಂದ ತಿಂಗಳು ತಿಂಗಳು ತಾನಾಗಿ ದುಡ್ಡು ಕಡಿತವಾಗಬೇಕಾದರೆ ಮೊದಲೇ ಇ-ಮ್ಯಾಂಡೇಟ್ (ಕಡಿತಕ್ಕೆ ಗ್ರಾಹಕರು ಕೊಡುವ ಒಪ್ಪಿಗೆ) ನೋಂದಣಿ ಆಗಿರಬೇಕು, ಕಡಿತಕ್ಕೆ 24 ಗಂಟೆ ಮುಂಚೆ ಗ್ರಾಹಕರಿಗೆ ತಿಳಿಸಬೇಕು, 2021ರ ಆ ನಿಯಮದಂತೆ 5,000 ರೂಪಾಯಿ ಮೀರಿದರೆ ಪ್ರತಿ ಸಲ ಒಟಿಪಿಯೂ ಬೇಕಿತ್ತು. ರಿಸರ್ವ್ ಬ್ಯಾಂಕಿನ ಈ ನಿಯಮ ಮಾರ್ಚ್ ಕೊನೆಗೇ ಬರಬೇಕಿತ್ತು. ಆರು ತಿಂಗಳು ಮುಂದಕ್ಕೆ ಹಾಕಿದ್ದರು. ಆ ಗಡುವು ಮುಗಿದದ್ದು ಹಿಂದಿನ ರಾತ್ರಿ. ನಮ್ಮ ದೊಡ್ಡ ಟಿಯರ್ ಕೂಡ 5,000ದ ಹತ್ತಿರ ಇರಲಿಲ್ಲ. ಆದರೆ ಮ್ಯಾಂಡೇಟೇ ಇಲ್ಲದ ಮೇಲೆ ನೂರು ರೂಪಾಯಿಯೂ ಹೋಗಲ್ಲ.

ದೇಶದ ಕಾಲಂ ಒತ್ತಿ ಸಾರ್ಟ್ ಮಾಡಿದ್ದು ಆಗ. ಅಮೆರಿಕ, ಇಂಗ್ಲೆಂಡ್, ದುಬೈ ಕನ್ನಡಿಗರ ಸಾಲುಗಳು ಹೆಚ್ಚುಕಡಿಮೆ ಎಲ್ಲ ಹಸಿರು. ಕೆಂಪಾಗಿದ್ದು ಇಲ್ಲಿಯ ಕಾರ್ಡುಗಳು. ಒಂದೇ ಒಂದು ಕ್ಲಿಕ್‌ನ ಕೆಲಸ. ಕೆಟ್ಟ ವಿಡಿಯೋಗೆ ಸಿಟ್ಟಾಗುವವರು ಬೆಂಗಳೂರಲ್ಲಿ ಮಾತ್ರ ಇರ್ತಾರಾ, ದುಬೈಯಲ್ಲಿ ಇರಲ್ವಾ? ಇನ್ನೊಂದು ತಮಾಷೆ ನೋಡಿ. ಆ ತಿಂಗಳು ನಿಜವಾಗಿ ಕ್ಯಾನ್ಸಲ್ ಮಾಡಿದ ಒಂದಿಬ್ಬರಿಗೆ ನನ್ನ ಮೇಲ್ ಹೋಗಲೇ ಇಲ್ಲ. ಫಿಲ್ಟರ್‌ನಲ್ಲಿ ಹಾಕಿದ್ದು ಡಿಕ್ಲೈನ್ಡ್ ಅಷ್ಟೇ.

ಪ್ಲಾಟ್‌ಫಾರ್ಮ್‌ನ ಸಪೋರ್ಟ್‌ಗೆ ಬರೆದರೆ "ನಿಮ್ಮ ಅಭಿಮಾನಿಗಳು ಬೇರೆ ಕಾರ್ಡ್ ಹಾಕಲಿ" ಅಂದರು. ಬೇರೆ ಕಾರ್ಡೂ ಇಂಡಿಯಾದ್ದೇ ತಾನೆ! ಕೊನೆಗೆ ಇಲ್ಲಿಯ ಗೇಟ್‌ವೇ ಒಂದರಲ್ಲಿ ವರ್ಷದ ಚಂದಾಕ್ಕೆ ಪೇಮೆಂಟ್ ಲಿಂಕ್ ಮಾಡಿದೆವು. ಯುಪಿಐನಲ್ಲಿ ಒಂದು ಸಲ ಪಿನ್ ಒತ್ತಿದರೆ ವರ್ಷಪೂರ್ತಿ ತಲೆನೋವಿಲ್ಲ. ಬಹಳ ಜನ ಕಟ್ಟಿದರು. ಕಟ್ಟುವಾಗ ನನ್ನ ಮೇಲನ್ನೇ ತೋರಿಸಿ ಅರ್ಧ ಬೆಲೆಯನ್ನೂ ಕೇಳಿದರು. ಕೊಡಲೇಬೇಕಾಯಿತು, ಸಹಿ ಇತ್ತಲ್ಲ. ಬಿಟ್ಟು ಹೋಗದವರನ್ನು ಡಿಸ್ಕೌಂಟ್ ಕೊಟ್ಟು ಕರೆತಂದ ಲೆಕ್ಕವನ್ನು ಅಕೌಂಟ್ಸ್‌ನವರು ಎರಡೆರಡು ಸಲ ಕೇಳಿದರು.

ಈಗ ಕೆಂಪು ಕಂಡರೆ ಮೊದಲು ಡಿಕ್ಲೈನ್ ರೀಸನ್, ಆಮೇಲೆ ದೇಶ. ಕಾರ್ಡ್ ಫೇಲ್ ಆದವರಿಗೆ ಹೋಗುವ ಮೇಲ್ ಎರಡೇ ಸಾಲು: ದುಡ್ಡು ಬಂದಿಲ್ಲ, ಲಿಂಕ್ ಇಲ್ಲಿದೆ. ಬೇಸರ, ಸಹಿ ಯಾವುದೂ ಇಲ್ಲ. ಮೇಡಂ ಅವರ ರಿಪೋರ್ಟ್ ಟೆಂಪ್ಲೇಟಿನಲ್ಲಿ ಮಾತ್ರ ಇವತ್ತಿಗೂ ಚರ್ನ್ ಅಂತ ಒಂದೇ ಕಾಲಂ. ಕ್ಯಾನ್ಸಲ್ ಬೇರೆ, ಫೇಲ್ ಬೇರೆ ಮಾಡೋಣ ಅಂದರೆ, "ಕ್ಲೈಂಟ್ ಕನ್‌ಫ್ಯೂಸ್ ಆಗ್ತಾರೆ, ಬಿಡು" ಅಂತಾರೆ.