ರಾಣಿ ಕಾಣೋವರೆಗೂ

ಶಿವಮೊಗ್ಗದಲ್ಲಿ ರೈಲು ನಿಂತಾಗ ಇನ್ನೂ ಬೆಳಕು ಹರಿದಿರಲಿಲ್ಲ. ಮೈಸೂರು–ತಾಳಗುಪ್ಪ ರೈಲು. ಬೋಗಿಯಲ್ಲಿ ಎಲ್ಲರೂ ಮುಸುಕು ಹಾಕಿಕೊಂಡು ಮಲಗಿದ್ದರು. ಆಗ ಹತ್ತಿದಳು ನಮ್ಮ ಗೆಳತಿ ರೋರರ್. ಎರಡು ಬ್ಯಾಗು, ಒಂದು ಕೊಡೆ, ಒಂದು ದೊಡ್ಡ ಪೊಟ್ಟಣ ಮಂಡಕ್ಕಿ. "ಏಳ್ಬೇಡಿ ಕಣ್ರೇ, ಮಲ್ಕೊಳ್ಳಿ, ಸಾಗರ ಬರೋಕೆ ಇನ್ನೂ ಹೊತ್ತಿದೆ" ಅಂತ ನನ್ನ ಮತ್ತು ರಾಣಿಯ ಕಿವಿಯಲ್ಲಿ ಪಿಸುಗುಟ್ಟಿದಳು. ಅಕ್ಕಪಕ್ಕದ ಆರು ಜನ ಎದ್ದು ಕೂತರು.

ಅವಳು ದಾವಣಗೆರೆಯಲ್ಲಿ ಹೈಸ್ಕೂಲ್ ಗಣಿತ ಟೀಚರ್. ಕೊನೇ ಬೆಂಚಿಗೆ ಕೇಳಿಸಿ ಕೇಳಿಸಿ ಅವಳ ಪಿಸುಮಾತಿಗೂ ಕೊನೇ ಬೆಂಚಿನ ಅಳತೆಯೇ ಬಂದುಬಿಟ್ಟಿದೆ. ಕುಂಸಿ ದಾಟುವಷ್ಟರಲ್ಲಿ ಮಗಳ ಪಿಯುಸಿ, ಯಜಮಾನರ ಮಂಡಿನೋವು, ಪಕ್ಕದ ಮನೆ ನಾಯಿ ದಿನಾ ಬೆಳಗ್ಗೆ ಬಂದು ಇವರ ಮನೆಯ ಹಾಲಿನ ಪ್ಯಾಕೆಟ್ಟನ್ನೇ ಕಚ್ಚಿಕೊಂಡು ಹೋಗುವ ಕಥೆ, ಎಲ್ಲಾ ಹೇಳಿದಳು. ಮೇಲಿನ ಬರ್ತಿನಲ್ಲಿದ್ದ ಅಜ್ಜ ಮುಸುಕು ತೆಗೆದು ಕೆಳಗೆ ಬಗ್ಗಿದರು. ಈಗ ಬೈಸಿಕೊಳ್ಳುವುದು ಖಾತ್ರಿ ಅಂದುಕೊಂಡೆ.

"ಅಮ್ಮಾ, ಆ ನಾಯಿದು ಕೊನೆಗೆ ಏನಾಯ್ತು? ಮಧ್ಯ ರೈಲು ಕೂಗಿಬಿಡ್ತು, ಕೇಳಿಸಲಿಲ್ಲ" ಅಂದರು.

ಆಗಿದ್ದು ಇಷ್ಟು: ರೋರರ್ ಈಗ ಹಾಲಿನವನ ಹತ್ತಿರ ನಾಯಿಯ ಲೆಕ್ಕಕ್ಕೇ ಬೇರೆ ಒಂದು ಪ್ಯಾಕೆಟ್ ಹಾಕಿಸಿಕೊಳ್ಳುತ್ತಿದ್ದಾಳೆ. ಅಜ್ಜ ಸಮಾಧಾನದಿಂದ ತಲೆಯಾಡಿಸಿ ಮತ್ತೆ ಮುಸುಕು ಹಾಕಿದರು. ಕಿಟಕಿ ಕಡೆ ಮುಖ ಮಾಡಿ ಮಲಗಿದ್ದ ರಾಣಿಯ ಹೆಗಲು ಸಣ್ಣಗೆ ಅಲುಗಿತು. ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ. ನಾನು ಕೇಳಲಿಲ್ಲ.

ಈ ಹೆಸರುಗಳ ಕಥೆ ಹೇಳಬೇಕು. 1997ರ ಆಗಸ್ಟ್. ಶಿವಮೊಗ್ಗದಲ್ಲಿ ಬಿಎಸ್ಸಿ ಕೊನೇ ವರ್ಷ. ಹಾಸ್ಟೆಲ್ಲಿನಲ್ಲಿ ನಾಲ್ಕೂ ಜನ ಒಂದೇ ರೂಮು. ಒಂದು ಶನಿವಾರ ಪ್ರಾಕ್ಟಿಕಲ್ ತಪ್ಪಿಸಿ ಜೋಗಕ್ಕೆ ಹೊರಟೆವು. ಸುಮಾರು ನೂರು ಕಿಲೋಮೀಟರ್, ಸಾಗರದಲ್ಲಿ ಬಸ್ಸು ಬದಲಿಸಿ, ನೆನೆದ ದುಪಟ್ಟಾ ಹಿಂಡಿಕೊಳ್ಳುತ್ತಾ ಹೋದೆವು. ಮಳೆಗಾಲದ ಜೋಗ ನೋಡದವರಿಗೆ ಇದೊಂದು ಗೊತ್ತಿರಲಿ. ನೀರು ಜಾಸ್ತಿ ಇರುವ ದಿನವೇ ಮಂಜೂ ಜಾಸ್ತಿ. ಕಣಿವೆಯಿಂದ ಎದ್ದ ಮೋಡ ಎದುರಿಗೇ ಬಂದು ನಿಂತುಬಿಡುತ್ತದೆ. 830 ಅಡಿ ಮೇಲಿಂದ ಬೀಳುವ ಶರಾವತಿಯ ಸದ್ದು ಎದೆಗೆ ಬಂದು ತಾಗುತ್ತದೆ, ನೀರು ಮಾತ್ರ ಒಂದು ಹನಿಯೂ ಕಾಣುವುದಿಲ್ಲ. ನಾವು ಎರಡು ಗಂಟೆ ಹೊತ್ತು ಬಿಳೀ ಗೋಡೆ ನೋಡುತ್ತಾ ನಿಂತಿದ್ದೆವು. ಕಡಲೆಕಾಯಿ ಮಾರುತ್ತಿದ್ದವರು "ಇನ್ನೈದು ನಿಮಿಷ, ಗಾಳಿ ಬಂದ್ರೆ ತೆರೀತದೆ" ಅನ್ನುತ್ತಲೇ ಇದ್ದರು. ತೆರೆಯಲಿಲ್ಲ. ಬಸ್ಸಿನ ಹೊತ್ತಾಯಿತು.

ವಾಪಸ್ ಬರುವಾಗ ಬಸ್ಸಿನಲ್ಲೇ ಹೆಸರು ಹಂಚಿಕೊಂಡೆವು. ಅವೂ ನಾಲ್ಕು, ನಾವೂ ನಾಲ್ಕು. ರಾಜ ಒಂದೇ ನೆಗೆತಕ್ಕೆ ನೇರ ಬೀಳುವ ಧಾರೆ, ನಮ್ಮ ರಾಜನೂ ಹಾಗೆ, ಅನ್ನಿಸಿದ್ದನ್ನು ಸುತ್ತು ಬಳಸು ಇಲ್ಲದೆ ಹೇಳುವವಳು. ರೋರರ್ ಬಂಡೆಗಳ ನಡುವೆ ಆರ್ಭಟಿಸುತ್ತಾ ಬಂದು ಅರ್ಧದಲ್ಲಿ ರಾಜನನ್ನು ಸೇರಿಕೊಳ್ಳುತ್ತದೆ. ನಮ್ಮ ರೋರರ್ ಕೂಡ ನಡುರಾತ್ರಿ ದೆವ್ವದ ಹೆದರಿಕೆಗೆ ಎದ್ದು ಹೋಗಿ ರಾಜನ ಮಂಚ ಸೇರಿಕೊಳ್ಳುತ್ತಿದ್ದಳು. ರಾಕೆಟ್ ಚಿಮ್ಮಿ ಚಿಮ್ಮಿ ಇಳಿಯುತ್ತದೆ, ನನ್ನ ನಡಿಗೆ ನೋಡಿ ಅದು ನನಗೆ ಬಂತು. ರಾಣಿ ಬಂಡೆಯ ಮೇಲೆ ಬಳುಕುತ್ತಾ ನಿಧಾನವಾಗಿ ಜಾರುತ್ತಾಳೆ. ನಮ್ಮ ರಾಣಿ ಎಣ್ಣೆ ಹಚ್ಚಿ ಜಡೆ ಹೆಣೆದು ಮುಗಿಸುವಷ್ಟರಲ್ಲಿ ತಿಂಡಿ ಖಾಲಿಯಾಗುತ್ತಿತ್ತು, ದಿನಾ ಒಬ್ಬರು ಅವಳ ತಟ್ಟೆ ತೆಗೆದಿಡಬೇಕಿತ್ತು.

ಆ ರಾಣಿ 2025ರ ಮಾರ್ಚಿನಲ್ಲಿ ಅಮ್ಮನನ್ನು ಕಳೆದುಕೊಂಡಳು. ಅದಕ್ಕೂ ಮುಂಚೆ ಎಂಟು ತಿಂಗಳು ಮನೆ, ಆಸ್ಪತ್ರೆ, ಮನೆ. ಒಬ್ಬಳೇ ನೋಡಿಕೊಂಡಳು. ಆಮೇಲೆ ಫೋನ್ ಮಾಡಿದರೆ ಹ್ಞೂಂ, ಹ್ಞೂಂ, ಅಷ್ಟೇ. ನಾವಿಬ್ಬರೂ ಬೆಂಗಳೂರಿನಲ್ಲೇ ಇರುವವರು, ಆದರೂ ಅವಳ ಮನೆಗೆ ಹೋಗಿ ಕೂತರೆ ಏನು ಮಾತಾಡಬೇಕು ಅಂತ ನನಗೆ ತೋಚುತ್ತಿರಲಿಲ್ಲ. ರಾಜ ಒಂದು ದಿನ ಫೋನಿನಲ್ಲಿ ನನಗೆ ಹೇಳಿದಳು: "ಕರ್ಕೊಂಡ್ ಬಾ ಮಾರಾಯ್ತಿ. ಏನೂ ಹೇಳೋಕೆ ಹೋಗ್ಬೇಡ. ಸುಮ್ನೆ ಕರ್ಕೊಂಡ್ ಬಾ."

ಸಾಗರ ಸ್ಟೇಷನ್ನಿಗೆ ರಾಜ ತಾನೇ ಜೀಪು ಓಡಿಸಿಕೊಂಡು ಬಂದಿದ್ದಳು. ಅವಳನ್ನು ಕೊಟ್ಟಿದ್ದು ಶರಾವತಿ ಹಿನ್ನೀರಿನಾಚೆ, ತುಮರಿ ಕಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಎಷ್ಟೋ ಊರು ಮುಳುಗಿದವು. ಆಚೆ ಉಳಿದ ಊರುಗಳು ದ್ವೀಪದ ಹಾಗಾದವು. ಸಾಗರಕ್ಕೆ ಬರಬೇಕೆಂದರೆ ಹೊಳೆಬಾಗಿಲಿನ ಲಾಂಚ್ ಹತ್ತಬೇಕಿತ್ತು. ಬಸ್ಸು, ಜೀಪು, ಅಡಿಕೆ ಮೂಟೆ, ಹೆರಿಗೆ ನೋವಿನ ಹೆಂಗಸು, ಎಲ್ಲರೂ ಅದರ ಮೇಲೇ. ಸಂಜೆಯ ಕೊನೇ ಲಾಂಚ್ ಹೋದರೆ ಬೆಳಗಿನ ತನಕ ದಡದಲ್ಲೇ. ಸೇತುವೆಗಾಗಿ ಅಲ್ಲಿನ ಜನ ಹತ್ತಾರು ವರ್ಷ ಕಾದರು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಕೊನೆಗೂ 2025ರ ಜುಲೈ 14ರಂದು ತೆರೆಯಿತು. ನಾವು ಹೋದದ್ದು ಅದಾಗಿ ಒಂದು ತಿಂಗಳಿಗೆ.

ಎರಡು ಕಿಲೋಮೀಟರಿಗಿಂತ ಉದ್ದದ ಸೇತುವೆ. ರಾಜ ಜೀಪನ್ನು ಆಮೆ ಹಾಗೆ ಓಡಿಸಿದಳು. ಹಿಂದಿನವರು ಹಾರ್ನ್ ಹಾಕಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಇಪ್ಪತ್ನಾಲ್ಕು ವರ್ಷ ಆ ಲಾಂಚಿಗೆ ಕಾದಿದ್ದೀನಿ ಕಣೆ. ಎರಡೇ ನಿಮಿಷದಲ್ಲಿ ದಾಟಿಬಿಡೋಕೆ ಮನಸ್ಸೇ ಬರಲ್ಲ."

ಅಷ್ಟು ಹೇಳಿದ್ದೇ ತಡ, ರೋರರ್ "ಪೀಪೀ..." ಅಂತ ಊದುವ ಹಾಗೆ ಮಾಡಿದಳು. ನನಗೆ ನಗು ತಡೆಯಲಾಗಲಿಲ್ಲ. 2001ರ ಫೆಬ್ರವರಿ, ರಾಜನ ಮದುವೆಯ ಮಾರನೇ ದಿನ. ಹೆಣ್ಣನ್ನು ಮನೆ ತುಂಬಿಸುವ ದಿಬ್ಬಣದ ಜೊತೆ ನಾವೂ ಹೊರಟಿದ್ದೆವು. ಬೆಳಗಿನ ಲಾಂಚಿನಲ್ಲಿ ಎಲ್ಲರೂ ದಾಟಿದೆವು, ವಾಲಗದವರು ಮಾತ್ರ ಆಚೆ ದಡದಲ್ಲಿ ಟೀ ಕುಡಿಯುತ್ತಾ ಉಳಿದುಬಿಟ್ಟಿದ್ದರು. ಗಳಿಗೆ ಮೀರುತ್ತದೆ ಅಂತ ರಾಜನ ಮಾವನವರ ಚಡಪಡಿಕೆ. ನೀರಿನ ಮೇಲೆ ಮಂಜು ಕವಿದಿತ್ತು. ಅಷ್ಟರಲ್ಲಿ ಆ ಮಂಜಿನೊಳಗಿಂದ ವಾಲಗ ಕೇಳಿಸತೊಡಗಿತು. ಗಳಿಗೆ ತಪ್ಪಬಾರದು ಅಂತ ಅವರು ಲಾಂಚಿನ ಮೇಲೆ, ಒಂದು ಬಸ್ಸಿಗೂ ಲಾರಿಗೂ ನಡುವೆ ನಿಂತು ಊದುತ್ತಾ ಬರುತ್ತಿದ್ದರು. ವಾಲಗ ಇದೆ, ವಾಲಗದವರು ಕಾಣುತ್ತಿಲ್ಲ. ಗಂಭೀರವಾಗಿ ನಿಂತಿದ್ದ ಮದುಮಗಳು ನಮ್ಮ ಕಡೆ ತಿರುಗಿ "ಜೋಗ ಕಣ್ರೇ, ಥೇಟ್ ಜೋಗ" ಅಂದಳು. ನಾವು ನಾಲ್ಕು ಜನ ಬಿದ್ದು ಬಿದ್ದು ನಕ್ಕಿದ್ದಕ್ಕೆ ಗಂಡಿನ ಕಡೆಯವರು ಕಕ್ಕಾಬಿಕ್ಕಿ.

ಜೀಪಿನ ಹಿಂದಿನ ಸೀಟಿನಲ್ಲಿದ್ದ ರಾಣಿ ಕಿಟಕಿಯಿಂದ ನೀರು ನೋಡುತ್ತಿದ್ದಳು. "ಡೋಲಿನವರು ಒಂದು ಚಪ್ಪಲಿ ನೀರಿಗೆ ಬೀಳಿಸ್ಕೊಂಡಿದ್ರು" ಅಂದಳು. ಅವತ್ತು ಬೆಳಗ್ಗೆಯಿಂದ ಅವಳಾಡಿದ ಮೊದಲ ಪೂರ್ತಿ ವಾಕ್ಯ ಅದು. ನನಗೆ ಆ ಚಪ್ಪಲಿ ಮರೆತೇ ಹೋಗಿತ್ತು.

ತೋಟದ ಮನೆ ತಲುಪುವಾಗ ಜಡಿಮಳೆ. ಅಡಿಕೆಗೆ ಕೊಳೆ ರೋಗ ಬಂದೀತೆಂಬ ಚಿಂತೆ ಎಲ್ಲರ ಬಾಯಲ್ಲೂ. ಅಂಗಳ ದಾಟುವ ಹೊತ್ತಿಗೆ ರೋರರ್ ನನ್ನ ಕಾಲಿಗೆ ಹತ್ತಿದ್ದ ಉಂಬಳ, ಅಂದರೆ ಜಿಗಣೆ, ತೋರಿಸಿ ಕಿರುಚಿದಳು. ಅವಳ ಹಿಮ್ಮಡಿಯಲ್ಲಿ ಮೂರು ಕಚ್ಚಿಕೊಂಡಿದ್ದವು. ರಾಜನ ಅತ್ತೆ ಒಳಗಿಂದ ಉಪ್ಪು ತಂದುಕೊಟ್ಟು "ಕುಡಿದು ತಾನೇ ಬೀಳ್ತದೆ ಬಿಡು ಮಗಾ, ಅದಕ್ಕೂ ನೆಂಟರು ಅಪರೂಪ" ಅಂದರು. ಎಂಬತ್ತರ ಹತ್ತಿರದ ಜೀವ, ಮುಖದಲ್ಲಿ ಒಂಚೂರೂ ನಗುವಿಲ್ಲ. ನಾವು ಮಾತ್ರ ಜಗಲಿಯಲ್ಲೇ ಕುಸಿದು ಕೂತೆವು.

ಮಧ್ಯಾಹ್ನ ಊಟಕ್ಕೆ ಕಳಲೆ ಪಲ್ಯ, ಕುಚ್ಚಲಕ್ಕಿ ಅನ್ನ, ಸಾರು. ರಾಜ ಎದ್ದು ಹೋಗಿ ಒಂದು ಭರಣಿ ತಂದು ನಡುವೆ ಇಟ್ಟಳು. ಅಪ್ಪೆಮಿಡಿ. ಬಟ್ಟೆ ಬಿಚ್ಚುತ್ತಿದ್ದ ಹಾಗೆ ಸೊನೆಯ ಘಮ ಇಡೀ ಊಟದ ಮನೆಗೆ ಹರಡಿತು. ಉಪ್ಪಿನಲ್ಲಿ ಸುಕ್ಕುಗಟ್ಟಿದ ಮಿಡಿ, ಹೆಬ್ಬೆರಳಿನಷ್ಟು ಉದ್ದ, ಮಾಸಲು ಹಸಿರು, ಮೈತುಂಬಾ ಸಾಸಿವೆ ಮೆಣಸಿನ ಕೆಂಪು, ತೊಟ್ಟು ಹಾಗೇ ಇದೆ.

ಹಾಸ್ಟೆಲ್ಲಿನಲ್ಲಿ ಇದರ ಡಬ್ಬಿ ರಾಜನ ಟ್ರಂಕಿನ ತಳದಲ್ಲಿ, ಬಾಟನಿ ರೆಕಾರ್ಡಿನ ಕೆಳಗಿರುತ್ತಿತ್ತು. ದಿನಕ್ಕೆ ಒಂದೇ ಮಿಡಿ, ನಾಲ್ಕು ಜನಕ್ಕೆ. ತೊಟ್ಟು ಹಿಡಿದು ಒಬ್ಬೊಬ್ಬರು ಒಂದೊಂದು ಕಚ್ಚು. ಸರದಿ ದಿನಾ ಬದಲಾಗುತ್ತಿತ್ತು, ಕೊನೆಯವಳಿಗೆ ಬರೀ ತೊಟ್ಟು. ಒಮ್ಮೆ ವಾರ್ಡನ್ ಬಂದು "ಏನಿದು ವಾಸನೆ?" ಅಂದಾಗ ನಾವು ಮೂವರೂ ತಬ್ಬಿಬ್ಬು. ರಾಜ ನೇರವಾಗಿ "ಮಿಡಿ ಉಪ್ಪಿನಕಾಯಿ ಮೇಡಂ, ನಿಮಗೊಂದು ಕೊಡ್ಲಾ?" ಅಂದಳು. ಆಮೇಲೆ ಪರೀಕ್ಷೆ ಮುಗಿಯುವ ತನಕ ಪ್ರತಿ ಮಂಗಳವಾರ ನಮ್ಮ ರೂಮು ಮಾತ್ರ ತಪಾಸಣೆ ಆಗುತ್ತಿತ್ತು.

ಈಗ ಭರಣಿ ತುಂಬಾ ಮಿಡಿ. ಯಾರು ಎಷ್ಟು ಬೇಕಾದರೂ ತಿನ್ನಬಹುದು. ರಾಜ ಒಂದೇ ಒಂದು ತೆಗೆದು, ತೊಟ್ಟು ಹಿಡಿದು, ಒಂದು ಕಚ್ಚು ಕಚ್ಚಿ ರೋರರ್ ಕೈಗೆ ಕೊಟ್ಟಳು. ಅವಳು ನನಗೆ ಕೊಟ್ಟಳು. ನಾನು ರಾಣಿಗೆ ಕೊಟ್ಟೆ. ರಾಣಿ ಕೈಯಲ್ಲಿದ್ದ ತೊಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಇವತ್ತು ಶನಿವಾರ. ಶನಿವಾರ ತೊಟ್ಟು ರಾಕೆಟ್‌ದು. ನಂದಲ್ಲ" ಅಂದಳು.

ಜಗಳ ಶುರುವಾಯಿತು. ನಿಜವಾದ ಜಗಳ, ವಾರದ ಲೆಕ್ಕ, ಬೆರಳು ಎಣಿಸುವುದು, "ಹೋಗೇ ಸುಳ್ಳಿ" ಎಲ್ಲಾ. ಅದರ ಮಧ್ಯದಲ್ಲೇ ರಾಣಿ ತಾನಾಗಿ ಅಮ್ಮನ ಮಾತು ತೆಗೆದಳು. ಅಮ್ಮ ಪ್ರೈಮರಿ ಸ್ಕೂಲ್ ಟೀಚರ್ ಆಗಿದ್ದವರು. ಆಸ್ಪತ್ರೆಯಲ್ಲಿ ನರ್ಸ್ ಬಂದು "ಅಜ್ಜಿ, ನೋವು ಹತ್ತಕ್ಕೆ ಎಷ್ಟಿದೆ?" ಅಂತ ದಿನಾ ಕೇಳುತ್ತಿದ್ದರಂತೆ. ಒಂದು ದಿನ ಅಮ್ಮ ಕನ್ನಡಕ ಸರಿ ಮಾಡಿಕೊಂಡು "ಇದೇನು ಕಿರುಪರೀಕ್ಷೆನಾ? ನೂರಕ್ಕೆ ಕೇಳಮ್ಮ, ಸರಿಯಾಗಿ ಮಾರ್ಕ್ಸ್ ಹಾಕ್ತೀನಿ" ಅಂದರಂತೆ. ಅವತ್ತಿಂದ ಆ ವಾರ್ಡಿನಲ್ಲಿ ಅವರೊಬ್ಬರಿಗೆ ನೂರಕ್ಕೆ ಲೆಕ್ಕ.

"ಮೂವತ್ನಾಲ್ಕು ಅಂದ್ರೆ ತಡ್ಕೋಬಹುದು ಅಂತ. ಮೂವತ್ತೈದು ದಾಟಿದ್ರೆ, ನೋವು ಪಾಸಾಯ್ತು ಕಣೆ, ಮಾತ್ರೆ ಕೊಡ್ಸು ಅನ್ನೋರು."

ಹೇಳುತ್ತಾ ರಾಣಿಯೇ ನಕ್ಕಳು. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ನಾವೂ ಅಷ್ಟೇ. ರಾಜನ ಅತ್ತೆ ಬಂದು ಅವಳ ತಟ್ಟೆಗೆ ಒಂದು ಇಡೀ ಮಿಡಿ ಹಾಕಿ ಹೋದರು.

ಆ ಎರಡು ದಿನದಲ್ಲಿ ಯಾರೂ ಒಂದು ಜೋಕು ಹೇಳಲಿಲ್ಲ. ನಾಯಿ, ಚಪ್ಪಲಿ, ಉಂಬಳ, ತೊಟ್ಟು, ಬರೀ ಇಂಥವೇ. ಬೇರೆಯವರಿಗೆ ಇದನ್ನೆಲ್ಲಾ ಮೊದಲಿಂದ ಬಿಡಿಸಿ ಹೇಳಬೇಕು, ಹೇಳುವಷ್ಟರಲ್ಲಿ ನಗು ಆರಿಹೋಗಿರುತ್ತದೆ. ಇವರಿಗೆ "ಪೀಪೀ" ಅಂದರೆ ಸಾಕು. ರಾಣಿಗೆ ಸಮಾಧಾನ ಹೇಳುವ ಮಾತು ಹುಡುಕುತ್ತಾ ನಾನು ತಿಂಗಳುಗಟ್ಟಲೆ ಒದ್ದಾಡಿದ್ದೆ. ಅವಳಿಗೆ ಬೇಕಿದ್ದದ್ದು ಜಗಳ ಆಡೋಕೆ ಒಂದು ತೊಟ್ಟು ಅಂತ ರಾಜನಿಗೆ ಹೇಗೆ ಹೊಳೆಯಿತೋ.

ಭಾನುವಾರ ಜೋಗ. ತಾಳಗುಪ್ಪದಿಂದ ಸಂಜೆಯ ನಂತರದ ರೈಲು, ಹೊತ್ತು ಬೇಕಾದಷ್ಟಿತ್ತು. ಜನವೋ ಜನ. ಕಂಬಿಯ ಹತ್ತಿರ ಹೋಗಿ ನಿಂತೆವು. ಎದುರಿಗೆ ಬಿಳೀ ಗೋಡೆ. ಅದೇ ಗೋಡೆ, ಅದೇ ಸದ್ದು. ಒಬ್ಬರ ಮುಖ ಒಬ್ಬರು ನೋಡಿದೆವು. ಪಕ್ಕದಲ್ಲಿ ಕೆಂಡದ ಮೇಲೆ ಜೋಳ ಸುಡುತ್ತಿದ್ದ ಹೆಂಗಸು ನಮ್ಮನ್ನು ನೋಡಿ "ಇನ್ನೈದು ನಿಮಿಷ ಇರಿ ಅಕ್ಕಾ, ಗಾಳಿ ಬಂದ್ರೆ ತೆರೀತದೆ" ಅಂದಳು.

ನಾವು ನಕ್ಕ ರಭಸಕ್ಕೆ ಅವಳು ಬೀಸಣಿಗೆ ಕೆಳಗಿಟ್ಟಳು. ಬೇಜಾರು ಮಾಡಿಕೊಂಡಳೇನೋ ಅಂತ ಹತ್ತಿರ ಹೋಗಿ 1997ರ ಕಥೆ ಹೇಳಿದೆ. ಕೇಳಿಸಿಕೊಂಡು, ಜೋಳಕ್ಕೆ ನಿಂಬೆಹಣ್ಣು ಉಜ್ಜುತ್ತಾ "ಹಂಗಾದ್ರೆ ನಿಮ್ಮ ಆ ಐದು ನಿಮಿಷ ಇನ್ನೂ ಮುಗಿದಿಲ್ಲ ಅನ್ನಿ" ಅಂದಳು.

ಮುಕ್ಕಾಲು ಗಂಟೆ ಆದ ಮೇಲೆ ಗಾಳಿ ಬಂತು. ಯಾರೋ ಪರದೆ ಸರಿಸಿದ ಹಾಗೆ ಮೊದಲು ರಾಜ ಕಂಡಿತು, ನೆಟ್ಟಗೆ. ಆಮೇಲೆ ರೋರರ್, ಮಣ್ಣುಗೆಂಪು ನೀರು ಎತ್ತಿ ಎಸೆಯುತ್ತಾ. ಆಮೇಲೆ ರಾಕೆಟ್. ಸುತ್ತಲಿನ ಜನ ಹೋ ಅಂತ ಕೂಗಿದರು, ಮೊಬೈಲುಗಳು ಮೇಲೆದ್ದವು. ರೋರರ್ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದಳು, ಅವಳ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಇಪ್ಪತ್ತೆಂಟು ವರ್ಷ ಆದ ಮೇಲೆ ಕಂಡಿದ್ದು. ಅಷ್ಟರಲ್ಲಿ ಮಂಜು ಮತ್ತೆ ಮುಚ್ಚಿತು. ನಾಲ್ಕನೆಯದು ಕಾಣಲೇ ಇಲ್ಲ.

ಯಾರೂ ಮಾತಾಡಲಿಲ್ಲ. ರಾಣಿ ತಾನೇ ಹೇಳಿದಳು: "ಜಡೆ ಹಾಕ್ಕೊಳ್ತಿದ್ದಾಳೆ ಕಣ್ರೇ. ತಡೀರಿ, ಬರ್ತಾಳೆ."

ಬಂದಿದ್ದ ಜನ ಒಬ್ಬೊಬ್ಬರೇ ಹೊರಟರು. ರೋರರ್ ಗಡಿಯಾರ ನೋಡಿದಳು. ರಾಜ ಕೊಡೆ ಮಡಚಿ ಕಂಬಿಗೆ ನೇತುಹಾಕಿದಳು. ನಾನು ಹೋಗಿ ಇನ್ನೂ ನಾಲ್ಕು ಜೋಳ ಹೇಳಿ ಬಂದೆ.